ಬ್ಲ್ಯಾಕ್‌ಜಾಕ್ ಎಲೆ ಎಣಿಕೆ: ಅದೃಷ್ಟದ ಏರಿಳಿತ ಮತ್ತು ಪಣದ ಗಾತ್ರ

ಎಲೆ ಎಣಿಕೆ ಎಂದರೆ ಬ್ಲ್ಯಾಕ್‌ಜಾಕ್ ಆಟದಲ್ಲಿ ಈಗಾಗಲೇ ಬಿದ್ದ ಇಸ್ಪೀಟು ಎಲೆಗಳ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಹಂಚದೆ ಉಳಿದಿರುವ ಎಲೆಗಳು ಆಟಗಾರನ ಕಡೆಗಿವೆಯೋ ಕ್ಯಾಸಿನೊ ಕಡೆಗಿವೆಯೋ ಎಂಬುದನ್ನು ಅಂದಾಜಿಸಿ, ಅದಕ್ಕೆ ತಕ್ಕಂತೆ ಪಣವನ್ನು ಹೆಚ್ಚು ಕಡಿಮೆ ಮಾಡುವ ಪದ್ಧತಿ. ಅನುಕೂಲದ ಹೊತ್ತಿನಲ್ಲೂ ಇದರಿಂದ ಸಿಗುವ ಮೇಲುಗೈ ನೂರು ರೂಪಾಯಿಗೆ ಒಂದು ರೂಪಾಯಿಯ ಆಸುಪಾಸಿನದು. ಆದರೆ ಒಂದೊಂದು ಕೈಯಲ್ಲೂ ಹಣ ಮೇಲೆ ಕೆಳಗೆ ಜಿಗಿಯುವ ಪ್ರಮಾಣ ಇಟ್ಟ ಪಣಕ್ಕಿಂತಲೂ ಹೆಚ್ಚು. ಹೀಗಾಗಿ ಎಣಿಕೆ ಬಲ್ಲವನ ಹಣ ಬೆಳೆಯುವುದೋ ಕರಗುವುದೋ ಎಂಬುದು ಎಣಿಕೆಯ ನಿಖರತೆಗಿಂತ ಹೆಚ್ಚಾಗಿ ಪಣದ ಗಾತ್ರದಿಂದ ತೀರ್ಮಾನವಾಗುತ್ತದೆ. ಜನಪ್ರಿಯ ಪುಸ್ತಕಗಳೂ ಸಿನಿಮಾಗಳೂ ಎಣಿಕೆಯ ಚಮತ್ಕಾರವನ್ನೇ ಎತ್ತಿ ಹಿಡಿದಿರುವುದರಿಂದ ಆಟದ ಈ ಅರ್ಧ ಸಾಮಾನ್ಯವಾಗಿ ಮರೆಯಲ್ಲೇ ಉಳಿದಿದೆ.

ಈ ಲೇಖನದಲ್ಲಿ ಕೆಲವು ಪದಗಳನ್ನು ನಿರ್ದಿಷ್ಟ ಅರ್ಥದಲ್ಲಿ ಬಳಸಲಾಗಿದೆ. ‘ಕೈ’ ಎಂದರೆ ಪಣ ಇಟ್ಟು ಎಲೆ ಪಡೆದು ಸೋಲು ಗೆಲುವು ತೀರ್ಮಾನವಾಗುವ ಒಂದು ಸುತ್ತು. ‘ಗಂಟು’ ಎಂದರೆ ಆಟಕ್ಕೆಂದೇ ಆಟಗಾರ ಎತ್ತಿಟ್ಟಿರುವ ಒಟ್ಟು ಹಣ. ಆ ದಿನ ಜೇಬಿನಲ್ಲಿರುವ ಹಣವಲ್ಲ. ‘ಮೇಲುಗೈ’ ಎಂದರೆ ಪಣದ ಮೇಲೆ ಸರಾಸರಿಯಲ್ಲಿ ಸಿಗಬೇಕಾದ ಲಾಭದ ಶೇಕಡಾವಾರು. ‘ಏರಿಳಿತ’ ಎಂದರೆ ಆ ಸರಾಸರಿಯ ಸುತ್ತ ನಿಜವಾದ ಫಲಿತಾಂಶ ಚೆದುರುವ ಪ್ರಮಾಣ. ಇದನ್ನು ಸಂಖ್ಯಾಶಾಸ್ತ್ರದ ಮಾನಕ ವಿಚಲನೆಯಿಂದ ಅಳೆಯುತ್ತಾರೆ.

ಹುಟ್ಟು

ಬ್ಲ್ಯಾಕ್‌ಜಾಕ್, ಅಂದರೆ ಎಲೆಗಳ ಮೊತ್ತವನ್ನು 21 ದಾಟದಂತೆ ಅದರ ಹತ್ತಿರ ತರುವ ಇಪ್ಪತ್ತೊಂದರ ಆಟ, ಹಳೆಯದು. ಸ್ಪೇನಿನ ಸರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲೇ ಅದರ ಪೂರ್ವರೂಪ ಬರುತ್ತದೆ. ಆದರೆ ಆಟದ ಗಣಿತ ಶುರುವಾದದ್ದು 1956ರಲ್ಲಿ. ಅಮೆರಿಕದ ಸೇನೆಯಲ್ಲಿದ್ದ ರೋಜರ್ ಬಾಲ್ಡ್‌ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿನ ಲೆಕ್ಕಯಂತ್ರಗಳನ್ನು ಬಳಸಿ, ಯಾವ ಎಲೆ ಬಂದಾಗ ಏನು ಮಾಡಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸಿ ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ‘ಮೂಲ ತಂತ್ರ’ ಎಂದು ಹೆಸರಾದ ಆ ಪಟ್ಟಿಯಂತೆ ಆಡಿದರೆ ಕ್ಯಾಸಿನೊದ ಮೇಲುಗೈ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಎಂಬುದು ಅವರ ಲೆಕ್ಕದಿಂದ ಹೊರಬಿತ್ತು. ಅದನ್ನು ಓದಿದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಮುಂದಿನ ಪ್ರಶ್ನೆ ಕೇಳಿಕೊಂಡರು. ಬಿದ್ದ ಎಲೆ ಮತ್ತೆ ಕಲಸುವ ತನಕ ವಾಪಸು ಬರುವುದಿಲ್ಲ. ಹಾಗಿದ್ದ ಮೇಲೆ ಉಳಿದ ಎಲೆಗಳ ಸ್ವರೂಪ ಕೈಯಿಂದ ಕೈಗೆ ಬದಲಾಗಲೇಬೇಕಲ್ಲ? ಎಂಐಟಿಯ ಐಬಿಎಂ 704 ಕಂಪ್ಯೂಟರ್‌ನಲ್ಲಿ ಅವರು ಒಂದೊಂದು ಬಗೆಯ ಎಲೆಯನ್ನು ತೆಗೆದು ಲೆಕ್ಕ ಹಾಕಿದಾಗ, 5ರ ಎಲೆಗಳು ಹೊರಬಿದ್ದರೆ ಆಟ ಆಟಗಾರನ ಕಡೆಗೆ ವಾಲುವುದೂ ಎಕ್ಕಗಳು ಹೊರಬಿದ್ದರೆ ಕ್ಯಾಸಿನೊ ಕಡೆಗೆ ವಾಲುವುದೂ ಕಂಡಿತು. ಈ ಶೋಧ 1961ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಬಂತು. 1962ರ ‘ಬೀಟ್ ದ ಡೀಲರ್’ ಪುಸ್ತಕ ಅದನ್ನು ಜನಸಾಮಾನ್ಯರಿಗೆ ತಲುಪಿಸಿತು.

ಪಣದ ಗಾತ್ರದ ಗಣಿತ ಬೇರೆ ದಾರಿಯಿಂದ ಬಂದು ಇಲ್ಲಿ ಸೇರಿಕೊಂಡಿತು. ಹಣ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ನಾಣ್ಯದ ಬೆಲೆ ತಗ್ಗುತ್ತದೆ, ಆದ್ದರಿಂದ ಅಪಾಯವನ್ನು ತೂಗುವಾಗ ಹಣವನ್ನಲ್ಲ, ಹಣದ ಲಾಗರಿದಮ್ ಅನ್ನು ನೋಡಬೇಕು ಎಂದು ಡೇನಿಯಲ್ ಬರ್ನೌಲಿ 1738ರಲ್ಲೇ ವಾದಿಸಿದ್ದರು. ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ, ದೂರಸಂಪರ್ಕದ ಮಾಹಿತಿ ಸಿದ್ಧಾಂತದ ಒಂದು ಸಮಸ್ಯೆಯನ್ನು ಜೂಜುಗಾರನ ಉದಾಹರಣೆಯಿಂದ ಬಿಡಿಸುತ್ತ, ಗಂಟಿನ ಎಷ್ಟು ಪಾಲನ್ನು ಪಣವಿಟ್ಟರೆ ಅದು ಅತಿ ವೇಗವಾಗಿ ಬೆಳೆಯುತ್ತದೆ ಎಂಬ ಸೂತ್ರವನ್ನು ಕೊಟ್ಟರು. ಆ ಲೇಖನವನ್ನು ಥಾರ್ಪ್ ಗಮನಕ್ಕೆ ತಂದವರು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶ್ಯಾನನ್. 1961ರಲ್ಲಿ ಇಬ್ಬರು ಶ್ರೀಮಂತ ಜೂಜುಗಾರರು ಥಾರ್ಪ್‌ಗೆ 100,000 ಡಾಲರ್ ಕೊಡಲು ಮುಂದಾದಾಗ ಅವರು 10,000 ಸಾಕೆಂದು ಒಪ್ಪಿಕೊಂಡು ನೆವಾಡಾದ ರೀನೊ ಮತ್ತು ಲೇಕ್ ಟಾಹೊಗಳಲ್ಲಿ ಆಡಿದರು. ಸಣ್ಣ ಪಣದಿಂದ ಶುರುಮಾಡಿ, ಕೈ ಪಳಗಿದಂತೆ ಏರಿಸುತ್ತ ಹೋಗಿ, ಗಂಟನ್ನು ಎರಡು ಪಟ್ಟಿಗಿಂತ ತುಸು ಹೆಚ್ಚು ಮಾಡಿಕೊಂಡು ಹಿಂದಿರುಗಿದರು. ಎಣಿಕೆಯ ಮೊದಲ ಸಾರ್ವಜನಿಕ ಪರೀಕ್ಷೆಯೇ ಪಣದ ಶಿಸ್ತಿನ ಪರೀಕ್ಷೆಯೂ ಆಗಿತ್ತು.

ಎಣಿಕೆಯ ರಚನೆ

ಇಂದು ಹೆಚ್ಚು ಬಳಕೆಯಲ್ಲಿರುವುದು ಹೈ-ಲೊ ಎಣಿಕೆ. ಹಾರ್ವಿ ಡಬ್ನರ್ 1963ರಲ್ಲಿ ಅದನ್ನು ಮುಂದಿಟ್ಟರು. 1966ರಲ್ಲಿ ಥಾರ್ಪ್ ಪುಸ್ತಕದ ಎರಡನೆಯ ಆವೃತ್ತಿಗೆ ಜೂಲಿಯನ್ ಬ್ರಾನ್ ಅವರ ಲೆಕ್ಕಗಳೊಡನೆ ಅದು ಸೇರಿತು. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿಸುವುದು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯುವುದು, 7, 8, 9ನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಹೀಗೆ ನಡೆಯುವ ಮೊತ್ತ ‘ಚಾಲ್ತಿ ಎಣಿಕೆ’. ಅದನ್ನು ಇನ್ನೂ ಉಳಿದಿರುವ ಇಸ್ಪೀಟು ಕಟ್ಟುಗಳ ಸಂಖ್ಯೆಯಿಂದ ಭಾಗಿಸಿದರೆ ‘ನಿಜ ಎಣಿಕೆ’. ಸಾಮಾನ್ಯ ನಿಯಮಗಳಿರುವ ಆರು ಕಟ್ಟಿನ ಆಟದಲ್ಲಿ ಕ್ಯಾಸಿನೊದ ಆರಂಭದ ಮೇಲುಗೈ ಸುಮಾರು ಶೇ. 0.5. ನಿಜ ಎಣಿಕೆ ಒಂದೊಂದು ಏರಿದಾಗಲೂ ಆಟಗಾರನಿಗೆ ಸುಮಾರು ಶೇ. 0.5 ಸೇರುತ್ತದೆ. ಆದ್ದರಿಂದ 1ರಲ್ಲಿ ಸಮಸಮ, 3ರಲ್ಲಿ ಶೇ. 1, 4ರಲ್ಲಿ ಶೇ. 1.5.

ದೊಡ್ಡ ಎಲೆಗಳು ಉಳಿದಾಗ ಆಟಗಾರ ಹೆಚ್ಚು ಕೈಗಳನ್ನು ಗೆಲ್ಲುತ್ತಾನೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಗೆಲ್ಲುವ ಕೈಗಳ ಪ್ರಮಾಣ ಎಣಿಕೆಯೊಂದಿಗೆ ಬಹಳ ಬದಲಾಗುವುದಿಲ್ಲ. ನೂರು ಕೈಗಳಲ್ಲಿ ಸುಮಾರು 43 ಗೆಲುವು, 49 ಸೋಲು, ಉಳಿದವು ಸಮ; ಎಣಿಕೆ ಏರಿದಾಗಲೂ ಸೋಲುವ ಕೈಗಳೇ ಹೆಚ್ಚು. ಲಾಭ ಬರುವುದು ಬೇರೆ ಕಡೆಯಿಂದ. ಎಕ್ಕ ಮತ್ತು ಹತ್ತು ಒಟ್ಟಿಗೆ ಬಂದು ಒಂದಕ್ಕೆ ಒಂದೂವರೆ ಸಿಗುವ ‘ಬ್ಲ್ಯಾಕ್‌ಜಾಕ್’ ಹೆಚ್ಚಾಗುತ್ತದೆ. ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವ ಡೀಲರ್‌ಗೂ ಅದು ಅಷ್ಟೇ ಬರುತ್ತದೆ, ಆದರೆ ಅವನಿಗೆ ಆ ಅರ್ಧದ ಹೆಚ್ಚಳ ಇಲ್ಲ. ಪಣ ದ್ವಿಗುಣಗೊಳಿಸಿದ ಕೈಗಳು ಒಳ್ಳೆಯ ಮೊತ್ತ ಮುಟ್ಟುತ್ತವೆ. 16ರ ತನಕ ಎಲೆ ಎಳೆಯಲೇಬೇಕಾದ ಡೀಲರ್ 21 ದಾಟಿ ಕೆಡುವ ಸಂಭವ ಹೆಚ್ಚುತ್ತದೆ. ನಿಜ ಎಣಿಕೆ 3ರ ಮೇಲೆ ಹೋದರೆ, ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬರುತ್ತದೆಂದು ಕಟ್ಟುವ, ಎಂದೂ ತೆಗೆದುಕೊಳ್ಳಬಾರದೆಂದು ಹೇಳುವ ‘ಇನ್ಶೂರೆನ್ಸ್’ ಪಣವೂ ಲಾಭದ್ದಾಗುತ್ತದೆ. ಇವೆಲ್ಲ ಬಿಡಿಬಿಡಿಯಾಗಿ ಬರುವ ದೊಡ್ಡ ಗೆಲುವುಗಳು. ಏರಿಳಿತದ ಬೀಜ ಇರುವುದೂ ಇಲ್ಲೇ.

ಏರಿಳಿತದ ಪ್ರಮಾಣ

ಒಂದು ಕೈಯ ಮಾನಕ ವಿಚಲನೆ ಇಟ್ಟ ಪಣದ ಸುಮಾರು 1.14 ಪಟ್ಟು; ಅದರ ವರ್ಗ ಸುಮಾರು 1.3. ನಾಣ್ಯ ಚಿಮ್ಮುವ ಜೂಜಿನಲ್ಲಿ ಇದು ಸರಿಯಾಗಿ 1. ಎಲೆ ಒಡೆದು ಎರಡು ಕೈ ಮಾಡುವುದು, ಪಣ ದ್ವಿಗುಣಗೊಳಿಸುವುದು, ಒಂದೂವರೆ ಪಟ್ಟಿನ ಬಹುಮಾನ ಇವುಗಳಿಂದ ಬ್ಲ್ಯಾಕ್‌ಜಾಕ್‌ನ ಜಿಗಿತ ಅದಕ್ಕಿಂತ ತುಸು ದೊಡ್ಡದು.

ಒಂದು ಕೈಯನ್ನು ಹತ್ತಿರದಿಂದ ನೋಡಬಹುದು. ಆಟಗಾರನ ಗಂಟು 10,000 ಡಾಲರ್. ಆರು ಕಟ್ಟುಗಳ 312 ಎಲೆಗಳಲ್ಲಿ ಎರಡು ಕಟ್ಟು ಮುಗಿದಿವೆ, ನಾಲ್ಕು ಉಳಿದಿವೆ. ಚಾಲ್ತಿ ಎಣಿಕೆ 12, ನಿಜ ಎಣಿಕೆ 3, ಮೇಲುಗೈ ಶೇ. 1. ಪಣ 75 ಡಾಲರ್. ಸರಾಸರಿಯಲ್ಲಿ ಇದರಿಂದ ಬರಬೇಕಾದ್ದು 75 ಸೆಂಟ್. ಆಟಗಾರನಿಗೆ 6 ಮತ್ತು 5 ಬಂದು 11 ಆಯಿತು, ಡೀಲರ್ ತೋರಿಸಿದ್ದು 6. ಮೂಲ ತಂತ್ರದಂತೆ ಆಟಗಾರ ಪಣವನ್ನು 150ಕ್ಕೆ ಏರಿಸುತ್ತಾನೆ. ಸಿಕ್ಕಿದ್ದು 3, ಒಟ್ಟು 14. ಡೀಲರ್ ಕವುಚಿಟ್ಟ ಎಲೆ ಹತ್ತು, ಒಟ್ಟು 16. ಎಳೆದದ್ದು 5, ಇಪ್ಪತ್ತೊಂದು. ಎಲ್ಲವನ್ನೂ ಸರಿಯಾಗಿ ಮಾಡಿದ ಆಟಗಾರ ಆ ಕೈಯ ಸರಾಸರಿ ಲಾಭದ 200 ಪಟ್ಟನ್ನು ಕಳೆದುಕೊಂಡ. ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಈ ಕೈಯಲ್ಲಿ ಬಿದ್ದ ಆರು ಎಲೆಗಳಲ್ಲಿ ಐದು ಸಣ್ಣವು, ಒಂದು ದೊಡ್ಡದು. ಚಾಲ್ತಿ ಎಣಿಕೆ 16 ಆಯಿತು, ನಿಜ ಎಣಿಕೆ 4 ದಾಟಿತು, ಮೇಲುಗೈ ಶೇ. 1.5 ಆಯಿತು. ಗಂಟು 9,850ಕ್ಕೆ ಇಳಿದಿದ್ದರೂ ಮುಂದಿನ ಪಣ 110 ಡಾಲರ್ ಆಗಬೇಕು. ಪಕ್ಕದಲ್ಲಿ ಕೂತು ನೋಡುವವನಿಗೆ ಇದು ಸೋತ ಹಣವನ್ನು ಬೆನ್ನಟ್ಟುವವನ ಆಟದಂತೆಯೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಪಣ ಏರಿದ್ದು ಸೋತದ್ದಕ್ಕಲ್ಲ, ಎಣಿಕೆ ಏರಿದ್ದಕ್ಕೆ. ಇದೇ ಕೈಯನ್ನು ದೊಡ್ಡ ಎಲೆಗಳಿಂದ ಸೋತಿದ್ದರೆ ಪಣ ಇಳಿಯಬೇಕಿತ್ತು.

ಎಣಿಕೆಗಾರನ ಏರಿಳಿತ ಸಾಮಾನ್ಯ ಆಟಗಾರನದಕ್ಕಿಂತ ದೊಡ್ಡದಾಗಲು ಕಾರಣವೂ ಇದರಲ್ಲಿ ಕಾಣುತ್ತದೆ. ಬಹು ಕಟ್ಟಿನ ಆಟದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕೈಗಳಲ್ಲಿ ಆಟಗಾರನಿಗೆ ಮೇಲುಗೈ ಇರುವುದಿಲ್ಲ. ಆಗ ಅತಿ ಕಡಿಮೆ ಪಣ ಇಟ್ಟು ಕಾಯಬೇಕು. ಗಳಿಕೆಯೆಲ್ಲ ಬರಬೇಕಾದ್ದು ಉಳಿದ ಕೆಲವೇ ಕೈಗಳಿಂದ, ಹತ್ತು ಹನ್ನೆರಡು ಪಟ್ಟು ಪಣ ಇಟ್ಟಾಗ. ಅಂದರೆ ಗಂಟೆಗೆ 80 ಕೈ ಆಡಿದರೂ ಅಂದಿನ ಸೋಲು ಗೆಲುವನ್ನು ಬೆರಳೆಣಿಕೆಯ ಕೈಗಳು ನಿರ್ಧರಿಸುತ್ತವೆ. ಸಮವಾದ ಕೈಗಳನ್ನು ಬಿಟ್ಟರೆ, ಸತತ ಎಂಟು ಸೋಲುಗಳ ಸರಣಿಯೊಂದು ಸರಾಸರಿ ನಾಲ್ಕೈದು ಗಂಟೆಯ ಆಟಕ್ಕೊಮ್ಮೆ ಬರುತ್ತದೆ ಎಂದು ಲೆಕ್ಕ ಹೇಳುತ್ತದೆ. ಅದು ಕಡಿಮೆ ಪಣದ ಹೊತ್ತಿನಲ್ಲಿ ಬಂದರೆ ಗಮನಕ್ಕೂ ಬರುವುದಿಲ್ಲ. ದೊಡ್ಡ ಪಣದ ಹೊತ್ತಿನಲ್ಲಿ ಬಂದರೆ ವಾರಗಳ ಗಳಿಕೆ ಹೋಗುತ್ತದೆ.

ದೀರ್ಘಕಾಲದ ಚಿತ್ರಕ್ಕಾಗಿ ಒಂದು ಮಾದರಿ ಆಟವನ್ನು ತೆಗೆದುಕೊಳ್ಳೋಣ. ಅತಿ ಕಡಿಮೆ ಪಣವನ್ನು ಒಂದು ಘಟಕ ಎಂದಿಟ್ಟುಕೊಂಡು, ನೂರು ಕೈಗಳಿಗೆ ಸರಾಸರಿ ಲಾಭ 1.5 ಘಟಕ, ಮಾನಕ ವಿಚಲನೆ 30 ಘಟಕ ಎಂದು ಭಾವಿಸಿದರೆ ಅದು ಅನೇಕ ಆರು ಕಟ್ಟಿನ ಆಟಗಳಿಗೆ ಹತ್ತಿರದ ಚಿತ್ರ. ಘಟಕ 10 ಡಾಲರ್ ಆದರೆ ಗಂಟೆಗೆ ಸರಾಸರಿ 12 ಡಾಲರ್ ಸಂಪಾದನೆ. ನೂರು ಗಂಟೆ, ಅಂದರೆ 8,000 ಕೈ ಆಡಿದ ಮೇಲೆ ಬರಬೇಕಾದ್ದು 1,200 ಡಾಲರ್, ಮಾನಕ ವಿಚಲನೆ ಸುಮಾರು 2,680 ಡಾಲರ್. ಒಂದೂ ತಪ್ಪು ಮಾಡದ ಆಟಗಾರ ನೂರು ಗಂಟೆಯ ನಂತರವೂ ನಷ್ಟದಲ್ಲಿರುವ ಸಂಭವ ಮೂರರಲ್ಲಿ ಒಂದು. ಲಾಭ ಮತ್ತು ಮಾನಕ ವಿಚಲನೆ ಸರಿಸಮವಾಗಲು 40,000 ಕೈ ಬೇಕು, ಅಂದರೆ 500 ಗಂಟೆ. ಆಗಲೂ ನಷ್ಟದ ಸಂಭವ ಶೇ. 16. ವಾರಕ್ಕೆ 40 ಗಂಟೆಯಂತೆ ಹೆಚ್ಚುಕಡಿಮೆ ಒಂದು ವರ್ಷ ಆಡಿದರೆ, ಅಂದರೆ 2,000 ಗಂಟೆಗೆ, ಅದು ಶೇ. 2.3ಕ್ಕೆ ಇಳಿಯುತ್ತದೆ. ಲಾಭ ಮತ್ತು ವಿಚಲನೆ ಸಮವಾಗುವ ಈ ಕೈಗಳ ಸಂಖ್ಯೆಯನ್ನು ಆಟದ ವಿಶ್ಲೇಷಕರು ‘ಎನ್-ಸೊನ್ನೆ’ ಎನ್ನುತ್ತಾರೆ. ಆಟಗಳನ್ನು ಹೋಲಿಸಲು ಗಂಟೆಯ ಲಾಭಕ್ಕಿಂತ ಇದೇ ಒಳ್ಳೆಯ ಅಳತೆ.

ಪಣದ ಗಾತ್ರ: ಕೆಲ್ಲಿ ನಿಯಮ

ಕೆಲ್ಲಿ ನಿಯಮದ ಪ್ರಕಾರ ಗಂಟಿನಲ್ಲಿ ಪಣವಾಗಿ ಇಡಬೇಕಾದ ಪಾಲು ಎಂದರೆ ಮೇಲುಗೈಯನ್ನು ಮಾನಕ ವಿಚಲನೆಯ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಶೇ. 1 ಮೇಲುಗೈಯನ್ನು 1.3ರಿಂದ ಭಾಗಿಸಿದರೆ ಶೇ. 0.77, ಹತ್ತು ಸಾವಿರದ ಗಂಟಿಗೆ 77 ಡಾಲರ್. ಮೇಲಿನ ಉದಾಹರಣೆಯ 75 ಡಾಲರ್ ಬಂದದ್ದು ಹೀಗೆ. ಒಂದೇ ಸುತ್ತಿನಲ್ಲಿ ಎರಡು ಕೈ ಆಡಿದರೆ ಎರಡೂ ಒಬ್ಬನೇ ಡೀಲರ್‌ನ ಎದುರು ನಿಲ್ಲುವುದರಿಂದ ಅವುಗಳ ಅದೃಷ್ಟ ಭಾಗಶಃ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆದ್ದರಿಂದ ಒಂದೊಂದರ ಮೇಲೂ ಸುಮಾರು ಮುಕ್ಕಾಲು ಪಾಲು ಪಣ ಇಡುವುದು ರೂಢಿ.

ಸೂತ್ರದ ನಿಜವಾದ ಪಾಠ ಇರುವುದು ಈ ಪಾಲನ್ನು ಮೀರಿದಾಗ ಏನಾಗುತ್ತದೆ ಎಂಬಲ್ಲಿ. ಸೂತ್ರ ಹೇಳಿದಷ್ಟು, ಅಂದರೆ ಪೂರ್ಣ ಕೆಲ್ಲಿ ಪಣ ಇಟ್ಟಾಗ ಗಂಟು ಬೆಳೆಯುವ ವೇಗವನ್ನು 100 ಎಂದಿಟ್ಟುಕೊಂಡರೆ, ಅರ್ಧ ಕೆಲ್ಲಿಯಲ್ಲಿ ಅದು 75; ಎರಡು ಪಟ್ಟು ಕೆಲ್ಲಿಯಲ್ಲಿ ಸೊನ್ನೆ. ಅದಕ್ಕೂ ಮೀರಿದರೆ, ಪ್ರತಿ ಕೈಯಲ್ಲೂ ಮೇಲುಗೈ ಇದ್ದರೂ ಗಂಟು ಕಾಲಕ್ರಮದಲ್ಲಿ ಕರಗುತ್ತದೆ. ಕಾರಣ ಸರಳ: ಅರ್ಧ ಕಳೆದುಕೊಂಡವನು ಮೊದಲಿನ ಸ್ಥಿತಿಗೆ ಬರಲು ಉಳಿದದ್ದನ್ನು ಎರಡು ಪಟ್ಟು ಮಾಡಬೇಕು. ಪೂರ್ಣ ಕೆಲ್ಲಿಯಲ್ಲೂ ಗಂಟು ಎಂದಾದರೊಮ್ಮೆ ಅರ್ಧಕ್ಕೆ ಇಳಿಯುವ ಸಂಭವ ಎರಡರಲ್ಲಿ ಒಂದು. ಅರ್ಧ ಕೆಲ್ಲಿಯಲ್ಲಿ ಎಂಟರಲ್ಲಿ ಒಂದು. ವೇಗದ ಕಾಲು ಭಾಗವನ್ನು ಬಿಟ್ಟುಕೊಟ್ಟು ಇಷ್ಟು ನೆಮ್ಮದಿಯನ್ನು ಕೊಳ್ಳುವ ವ್ಯವಹಾರ ಜೂಜಿನಲ್ಲಿ ಅಪರೂಪ. ವೃತ್ತಿಪರರು ಬಹುಪಾಲು ಅರ್ಧ ಕೆಲ್ಲಿ ಅಥವಾ ಅದಕ್ಕೂ ಕಡಿಮೆಯಲ್ಲಿ ಆಡುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ, ಬಹುಶಃ ಅದೇ ಹೆಚ್ಚು ತೂಕದ್ದು. ಶೇ. 1 ಎಂದು ಅಂದಾಜಿಸಿದ ಮೇಲುಗೈ, ಎಣಿಕೆಯ ತಪ್ಪು, ದಣಿವು, ಉಳಿದ ಕಟ್ಟುಗಳ ತಪ್ಪು ಅಂದಾಜು ಇವುಗಳಿಂದ ನಿಜವಾಗಿ ಶೇ. 0.5 ಆಗಿದ್ದರೆ, ಪೂರ್ಣ ಕೆಲ್ಲಿ ಎಂದುಕೊಂಡು ಇಟ್ಟ ಪಣ ವಾಸ್ತವದಲ್ಲಿ ಎರಡು ಪಟ್ಟು ಕೆಲ್ಲಿ, ಬೆಳವಣಿಗೆ ಸೊನ್ನೆ. ಅರ್ಧ ಕೆಲ್ಲಿ ಇಟ್ಟವನು ಅದೇ ತಪ್ಪಿನಲ್ಲೂ ಸರಿಯಾದ ಪಣದಲ್ಲೇ ಇರುತ್ತಾನೆ. ಕಡಿಮೆ ಇಟ್ಟವನಿಗೆ ಆಗುವ ನಷ್ಟ ಚಿಕ್ಕದು, ಹೆಚ್ಚು ಇಟ್ಟವನಿಗೆ ಆಗುವುದು ದೊಡ್ಡದು. ಈ ಅಸಮತೆ ಇರುವ ತನಕ ಅಂದಾಜು ಕೈಕೊಡಬಹುದಾದ ಕಡೆ ಪಣ ಇಳಿಯಲೇಬೇಕು.

ಗಂಟು ಕರಗಿದಂತೆ ಪಣವನ್ನು ಇಳಿಸುತ್ತ ಹೋಗುವುದು ಕಾಗದದ ಮೇಲೆ ಸುಲಭ. ಆದರೆ ಟೇಬಲ್‌ಗೆ ಕನಿಷ್ಠ ಪಣ ಇರುತ್ತದೆ, ಚಿಪ್‌ಗಳನ್ನು ಚೂರು ಮಾಡಲಾಗುವುದಿಲ್ಲ. ಆದ್ದರಿಂದ ಪಣದ ಶ್ರೇಣಿಯನ್ನು ಬದಲಿಸದೆ ಆಡಿದರೆ ಗಂಟು ಪೂರ್ತಿ ಮುಗಿಯುವ ಸಂಭವ ಎಷ್ಟು ಎಂದು ಕೇಳುವುದು ಹೆಚ್ಚು ಉಪಯುಕ್ತ. ಇದಕ್ಕೆ ‘ದಿವಾಳಿ ಸಂಭವ’ ಎನ್ನಬಹುದು. ಮೇಲಿನ ಮಾದರಿ ಆಟದಲ್ಲಿ 300 ಘಟಕದ ಗಂಟಿಗೆ ಅದು ಶೇ. 37, 600ಕ್ಕೆ ಶೇ. 13.5, 900ಕ್ಕೆ ಶೇ. 5, 1,200ಕ್ಕೆ ಶೇ. 1.8. ಗಂಟು ಎರಡು ಪಟ್ಟಾದರೆ ದಿವಾಳಿ ಸಂಭವ ಅರ್ಧವಾಗುವುದಿಲ್ಲ, ಅದರ ವರ್ಗಕ್ಕೆ ಇಳಿಯುತ್ತದೆ. 3,000 ಡಾಲರ್ ಹಿಡಿದು 10 ಡಾಲರ್ ಟೇಬಲ್‌ಗೆ ಹೋಗುವ ಎಣಿಕೆಗಾರರು ಎಷ್ಟೇ ಜಾಣರಾಗಿರಲಿ, ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಪಣ ಹೂಡುವ ವಿಧಗಳು

ಸ್ಥಿರ ಶ್ರೇಣಿ ಎಲ್ಲಕ್ಕಿಂತ ಸಾಮಾನ್ಯವಾದದ್ದು: ನಿಜ ಎಣಿಕೆ 1 ಅಥವಾ ಅದಕ್ಕಿಂತ ಕಡಿಮೆಯಿದ್ದಾಗ ಒಂದು ಘಟಕ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎಂಟು, ಹನ್ನೆರಡು ಘಟಕಗಳವರೆಗೆ. ಅನುಕೂಲವಿಲ್ಲದ ಕೈಗಳನ್ನು ಆಡಲೇಬಾರದು ಎಂಬುದು ಎರಡನೆಯದು. ಟೇಬಲ್‌ನ ಹಿಂದೆ ನಿಂತು ಎಣಿಸುತ್ತ, ಎಣಿಕೆ ಏರಿದಾಗಷ್ಟೇ ಕೂರುವ ಈ ಕ್ರಮಕ್ಕೆ 1975ರಲ್ಲಿ ‘ಪ್ರೊಫೆಷನಲ್ ಬ್ಲ್ಯಾಕ್‌ಜಾಕ್’ ಬರೆದ ಸ್ಟ್ಯಾನ್‌ಫರ್ಡ್ ವಾಂಗ್ ಅವರ ಹೆಸರಿನಿಂದ ‘ವಾಂಗಿಂಗ್’ ಎನ್ನುತ್ತಾರೆ. ಏರಿಳಿತವನ್ನು ತಗ್ಗಿಸಲು ಒಬ್ಬಂಟಿ ಆಟಗಾರನಿಗಿರುವ ಅತ್ಯುತ್ತಮ ದಾರಿ ಇದು. ನಡುವೆ ಬಂದು ಸೇರಬಾರದು ಎಂಬ ಫಲಕಗಳು ಟೇಬಲ್‌ಗಳ ಮೇಲೆ ಬಂದದ್ದೂ ಇದರಿಂದಲೇ.

ಮೂರನೆಯದು ತಂಡದ ಆಟ. 1970ರ ದಶಕದ ಆರಂಭದಲ್ಲಿ ಆಲ್ ಫ್ರಾನ್ಸೆಸ್ಕೊ ರೂಪಿಸಿದ ಪದ್ಧತಿಯಲ್ಲಿ ಹಲವರು ಬೇರೆ ಬೇರೆ ಟೇಬಲ್‌ಗಳಲ್ಲಿ ಚಿಲ್ಲರೆ ಪಣ ಇಟ್ಟು ಎಣಿಸುತ್ತಾರೆ. ಎಣಿಕೆ ಏರಿದ ಕಡೆ ಸನ್ನೆ ಮಾಡಿ ‘ದೊಡ್ಡ ಆಟಗಾರ’ನನ್ನು ಕರೆಯುತ್ತಾರೆ. ಅವನು ಎಂದೂ ಸಣ್ಣ ಪಣ ಇಡದ ಕಾರಣ ಪಣ ಏರಿಸಿದನೆಂಬ ಅನುಮಾನ ಹುಟ್ಟುವುದಿಲ್ಲ. ಎಣಿಕೆಗಾರ ಕೆನ್ ಯೂಸ್ಟನ್ ಹೆಸರಾದದ್ದು ಈ ತಂಡದಿಂದ. ಎಂಐಟಿ ವಿದ್ಯಾರ್ಥಿಗಳ ತಂಡಗಳು ಇದನ್ನೇ ಹೂಡಿಕೆದಾರರ ಬಂಡವಾಳದೊಂದಿಗೆ ಕಂಪನಿಯಂತೆ ನಡೆಸಿದವು. 2008ರ ‘21’ ಸಿನಿಮಾಕ್ಕೆ ಮೂಲ ಅವೇ. ವೇಷ ಮತ್ತು ಸನ್ನೆಗಳಿಗಿಂತ ತಂಡದ ನಿಜವಾದ ಬಲ ಒಟ್ಟುಗೂಡಿದ ಗಂಟಿನಲ್ಲಿತ್ತು. ಸಮಾನ ಗಂಟಿನ ಐವರು ಹಣ ಸೇರಿಸಿ ಬೇರೆ ಬೇರೆ ಟೇಬಲ್‌ಗಳಲ್ಲಿ ಆಡಿದರೆ, ಪ್ರತಿಯೊಬ್ಬರೂ ಐದು ಪಟ್ಟು ಪಣವನ್ನು ಅದೇ ದಿವಾಳಿ ಸಂಭವದಲ್ಲಿ ಇಡಬಹುದು. ಐವರ ಲಾಭವನ್ನು ಹಂಚಿಕೊಂಡಾಗ ತಲಾ ಗಳಿಕೆ ಒಂಟಿಯಾಗಿ ಆಡಿದ್ದಕ್ಕಿಂತ ಐದು ಪಟ್ಟು. ಯಾರ ಎಣಿಕೆಯೂ ಸುಧಾರಿಸಿಲ್ಲ. ಬದಲಾದದ್ದು ಪಣ ಮತ್ತು ಗಂಟಿನ ಅನುಪಾತ ಮಾತ್ರ. ಈ ಲೇಖನದ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಸೋತಾಗಲೆಲ್ಲ ಪಣವನ್ನು ಎರಡು ಪಟ್ಟು ಮಾಡುವ ‘ಮಾರ್ಟಿಂಗೇಲ್’ ಈ ವಿಧಗಳಲ್ಲಿ ಸೇರುವುದಿಲ್ಲ. ಅದು ಎಲೆಗಳನ್ನು ನೋಡುವುದೇ ಇಲ್ಲ. 10 ಡಾಲರ್‌ನಿಂದ ಶುರುಮಾಡಿ ಸತತ ಎಂಟು ಸೋತವನು ಒಟ್ಟು 2,550 ಡಾಲರ್ ಕಳೆದುಕೊಂಡು, 10 ಡಾಲರ್ ಗೆಲ್ಲಲು 2,560 ಡಾಲರ್ ಇಡಬೇಕಾಗುತ್ತದೆ. ಅಷ್ಟರೊಳಗೆ ಟೇಬಲ್‌ನ ಗರಿಷ್ಠ ಮಿತಿ ಅಡ್ಡ ಬಂದಿರುತ್ತದೆ.

ಆಕ್ಷೇಪಗಳು

ಸಾಕಷ್ಟು ಕಾಲ ಆಡಿದರೆ ಸರಾಸರಿ ತಾನೇ ಬಂದು ಸೇರುತ್ತದೆ, ಏರಿಳಿತದ ಚಿಂತೆ ಏಕೆ ಎಂಬುದು ಮೊದಲ ಆಕ್ಷೇಪ. ಮಹಾಸಂಖ್ಯೆಗಳ ನಿಯಮ ಹೇಳುವುದು ಕೈಯೊಂದರ ಸರಾಸರಿ ಸ್ಥಿರಗೊಳ್ಳುತ್ತದೆ ಎಂದಷ್ಟೆ. ಡಾಲರ್ ಲೆಕ್ಕದ ಏರಿಳಿತ ಕುಗ್ಗುವುದಿಲ್ಲ, ಕೈಗಳ ವರ್ಗಮೂಲದಂತೆ ಹಿಗ್ಗುತ್ತ ಹೋಗುತ್ತದೆ. ಲಾಭ ಅದಕ್ಕಿಂತ ವೇಗವಾಗಿ ಬೆಳೆಯುವುದರಿಂದ ಕೊನೆಗೆ ಮುಂದೆ ಬರುತ್ತದೆ. ಆ ಕೊನೆಯನ್ನು ಮುಟ್ಟುವ ಮೊದಲೇ ಗಂಟು ಮುಗಿದವನಿಗೆ ನಿಯಮದಿಂದ ಏನೂ ಸಿಗುವುದಿಲ್ಲ.

ಎರಡನೆಯ ಆಕ್ಷೇಪದ ಹಿಂದಿರುವ, ಬಹಳ ಹೊತ್ತು ಸೋತ ಮೇಲೆ ಗೆಲುವು ಬಾಕಿ ಇದೆ ಎಂಬ ನಂಬಿಕೆಗೆ ಬ್ಲ್ಯಾಕ್‌ಜಾಕ್‌ನಲ್ಲಿ ಒಂದು ಹುಸಿ ಆಧಾರ ಸಿಗುತ್ತದೆ. ಇಲ್ಲಿ ಕೈಗಳು ಪರಸ್ಪರ ಸ್ವತಂತ್ರವಲ್ಲ, ಬಿದ್ದ ಎಲೆಗಳಿಗೆ ನೆನಪಿದೆ ಎಂಬುದು ನಿಜ. ಆದರೆ ಆ ನೆನಪು ಇರುವುದು ಎಲೆಗಳ ಬಗೆಯಲ್ಲಿ, ಸೋಲು ಗೆಲುವಿನಲ್ಲಿ ಅಲ್ಲ. ಎಲೆ ಕಲಸಿದೊಡನೆ ಅದೂ ಅಳಿಸಿಹೋಗುತ್ತದೆ. ನಿನ್ನೆಯ ನಷ್ಟ ಇವತ್ತಿನ ಪಣದ ಮೇಲೆ ಪ್ರಭಾವ ಬೀರಬೇಕಾದ್ದು ಒಂದೇ ದಾರಿಯಲ್ಲಿ: ಗಂಟು ಸಣ್ಣದಾಗಿದೆ, ಪಣವೂ ಸಣ್ಣದಾಗಬೇಕು.

ಮೂರನೆಯ ಆಕ್ಷೇಪ ಅರ್ಥಶಾಸ್ತ್ರದ್ದು. ನೊಬೆಲ್ ಪುರಸ್ಕೃತ ಪಾಲ್ ಸ್ಯಾಮುಯಲ್ಸನ್ ಕೆಲ್ಲಿ ನಿಯಮವನ್ನು ಎಲ್ಲರಿಗೂ ಅನ್ವಯಿಸುವುದನ್ನು ದಶಕಗಳ ಕಾಲ ವಿರೋಧಿಸಿದರು. 1979ರಲ್ಲಿ, ಎದುರಾಳಿಗಳಿಗೆ ಅರ್ಥವಾಗಲೆಂಬ ಚೇಷ್ಟೆಯಿಂದಲೋ ಏನೋ, ಬಹುತೇಕ ಏಕಾಕ್ಷರದ ಇಂಗ್ಲಿಷ್ ಪದಗಳಲ್ಲೇ ಒಂದು ಲೇಖನವನ್ನೂ ಬರೆದರು. ಗಂಟಿನ ಬೆಳವಣಿಗೆಯ ವೇಗವನ್ನೇ ಎಲ್ಲರೂ ಬಯಸಬೇಕೆಂದೇನಿಲ್ಲ, ಅಪಾಯವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತೂಗುತ್ತಾರೆ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಅದು ಕೆಲ್ಲಿಗಿಂತ ಕಡಿಮೆ ಇಡುವವನನ್ನು ಹೆಚ್ಚಾಗಿ ಸಮರ್ಥಿಸುತ್ತದೆ. ಎರಡು ಪಟ್ಟು ಕೆಲ್ಲಿ ಇಡುವವನು ಬೆಳವಣಿಗೆಯನ್ನೂ ಕಳೆದುಕೊಂಡು ಏರಿಳಿತವನ್ನೂ ಹೆಚ್ಚಿಸಿಕೊಳ್ಳುತ್ತಾನೆ. ಮೇಲುಗೈ ಇರುವಾಗ ಗಂಟನ್ನೆಲ್ಲ ಇಟ್ಟರೆ ಸರಾಸರಿ ಲಾಭ ಗರಿಷ್ಠವಾಗುತ್ತದೆ ಎಂಬ ಮಾತಿಗೂ ಇದೇ ಉತ್ತರ. ಆ ಸರಾಸರಿಯನ್ನು ಎತ್ತಿ ಹಿಡಿದಿರುವುದು ಬಹುತೇಕ ಯಾರಿಗೂ ದಕ್ಕದ ಕೆಲವು ಅಗಾಧ ಗೆಲುವುಗಳು, ಉಳಿದವರೆಲ್ಲ ದಿವಾಳಿ.

ಈ ಲೆಕ್ಕವೆಲ್ಲ ಸರಿಯಾದರೂ ಕ್ಯಾಸಿನೊ ಎಣಿಕೆಗಾರನನ್ನು ಅಷ್ಟು ಕಾಲ ಕೂರಲು ಬಿಡುವುದಿಲ್ಲ ಎಂಬ ಕೊನೆಯ ಆಕ್ಷೇಪವನ್ನು ತಳ್ಳಿಹಾಕಲಾಗದು. ಟೇಬಲ್‌ಗಳ ಮೇಲೆ ಕಣ್ಣಿಡುವ ಪಿಟ್ ಬಾಸ್‌ಗಳು ಗುರುತಿಸುವುದು ಎಣಿಕೆಯನ್ನಲ್ಲ, ಅದು ತಲೆಯೊಳಗಿನದು, ಪಣದ ಜಿಗಿತವನ್ನು. ಶ್ರೇಣಿ ಅಗಲವಾದಷ್ಟೂ ಲಾಭ ಹೆಚ್ಚು, ಸಿಕ್ಕಿಬೀಳುವುದೂ ಬೇಗ. ಹೀಗಾಗಿ ಪಣದ ಗಾತ್ರವನ್ನು ಮೇಲುಗೈ, ಗಂಟು, ಮರೆ ಈ ಮೂರರ ನಡುವೆ ತೂಗಿಸಬೇಕಾಗುತ್ತದೆ. ಕೆಲ್ಲಿ ಸೂತ್ರದಲ್ಲಿ ಮೂರನೆಯದಕ್ಕೆ ಜಾಗವಿಲ್ಲ.

ಇತರ ಬಳಕೆಗಳು

ಎಣಿಕೆಯ ಮೇಜಿನಲ್ಲಿ ಪಳಗಿದ ಪಣದ ಗಣಿತ ಬೇರೆಡೆಗೂ ಹೋಯಿತು. ಥಾರ್ಪ್ 1969ರಲ್ಲಿ ಹೂಡಿಕೆ ನಿಧಿಯೊಂದನ್ನು ಸ್ಥಾಪಿಸಿ ಅದೇ ವಿಚಾರವನ್ನು ಷೇರುಪೇಟೆಗೆ ಅನ್ವಯಿಸಿದರು. ಎಣಿಕೆಗಾರರಾಗಿ ಶುರುಮಾಡಿದ ಬಿಲ್ ಬೆಂಟರ್ 1980ರ ದಶಕದಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ, ಕುದುರೆ ಜೂಜಿಗೆ ಕಂಪ್ಯೂಟರ್ ಮಾದರಿ ಕಟ್ಟಿ, ಕೆಲ್ಲಿಯ ಒಂದು ಪಾಲಿನಷ್ಟೇ ಪಣ ಹೂಡುವ ಪದ್ಧತಿಯಿಂದ ಭಾರಿ ಹಣ ಗಳಿಸಿದರು.

ಇಂದಿನ ಸ್ಥಿತಿ

ಎಣಿಕೆಗೆ ಕ್ಯಾಸಿನೊಗಳ ಮೊದಲ ಪ್ರತಿಕ್ರಿಯೆ ಆತುರದ್ದು. 1964ರಲ್ಲಿ ಲಾಸ್ ವೇಗಸ್‌ನ ಕ್ಯಾಸಿನೊಗಳು ನಿಯಮಗಳನ್ನು ಬಿಗಿಗೊಳಿಸಿದಾಗ ಸಾಮಾನ್ಯ ಆಟಗಾರರೂ ಎದ್ದುಹೋದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಮರಳಿದವು. ಆಮೇಲಿನ ಕ್ರಮಗಳು ಹೆಚ್ಚು ಜಾಣತನದವು: ಕಟ್ಟುಗಳನ್ನು ಆರು, ಎಂಟಕ್ಕೆ ಏರಿಸುವುದು, ಬೇಗ ಕಲಸುವುದು, ಬಿದ್ದ ಎಲೆಗಳನ್ನು ಕೂಡಲೇ ಮರಳಿ ಸೇರಿಸುವ ನಿರಂತರ ಕಲಸುವ ಯಂತ್ರ. ಬ್ಲ್ಯಾಕ್‌ಜಾಕ್‌ಗೆ ಒಂದಕ್ಕೆ ಒಂದೂವರೆಯ ಬದಲು ಐದಕ್ಕೆ ಆರು ಕೊಡುವ ನಿಯಮವೊಂದೇ ಕ್ಯಾಸಿನೊ ಮೇಲುಗೈಗೆ ಸುಮಾರು ಶೇ. 1.4 ಸೇರಿಸುತ್ತದೆ. ಅಂಥ ಟೇಬಲ್‌ನಲ್ಲಿ ಸಮಸಮ ಸ್ಥಿತಿ ಮುಟ್ಟಲು ನಿಜ ಎಣಿಕೆ 4ರ ಹತ್ತಿರ ಬರಬೇಕು. ಏರಿಳಿತ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಕಾನೂನಿನ ಸ್ಥಿತಿ ಊರಿಂದೂರಿಗೆ ಬೇರೆ. ನೆವಾಡಾದಲ್ಲಿ ತಲೆಯಲ್ಲಿ ಎಣಿಸುವುದು ಅಪರಾಧವಲ್ಲ, ಆದರೆ ಕ್ಯಾಸಿನೊ ಎಣಿಕೆಗಾರನನ್ನು ಹೊರಗೆ ಕಳಿಸಬಹುದು. ಎಣಿಸಲು ಉಪಕರಣ ಬಳಸುವುದು 1985ರಿಂದ ಅಪರಾಧ. ನ್ಯೂಜೆರ್ಸಿಯಲ್ಲಿ ಯೂಸ್ಟನ್ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ಕ್ಯಾಸಿನೊ ತನ್ನಷ್ಟಕ್ಕೆ ಎಣಿಕೆಗಾರರನ್ನು ಹೊರಗಿಡುವಂತಿಲ್ಲ ಎಂದು ತೀರ್ಪಿತ್ತಿತು. ಕರ್ನಾಟಕದಲ್ಲಿ ಕಾನೂನುಬದ್ಧ ಕ್ಯಾಸಿನೊಗಳಿಲ್ಲ. ನೆರೆಯ ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992 ಮತ್ತು 1996ರಲ್ಲಿ ಆದ ತಿದ್ದುಪಡಿಗಳಂತೆ ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರದ ಆಟಗಳಿಗೂ ಹಡಗುಗಳಲ್ಲಿ ಟೇಬಲ್ ಆಟಗಳಿಗೂ ಅನುಮತಿ ಇದೆ. ಪಣಜಿಯ ಮಾಂಡೋವಿ ನದಿಯ ಮೇಲಿನ ಕ್ಯಾಸಿನೊಗಳಲ್ಲಿ ಡೀಲರ್ ಕೈಯಿಂದ ಎಲೆ ಹಂಚುವ ಬ್ಲ್ಯಾಕ್‌ಜಾಕ್ ನಡೆಯುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಪ್ರತಿ ಕೈಗೂ ಹೊಸದಾಗಿ ಎಲೆ ಕಲಸುವ ಕಂಪ್ಯೂಟರ್ ಆಟಗಳಲ್ಲಿ ಎಣಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿ ಮೇಲುಗೈ ಸದಾ ಕ್ಯಾಸಿನೊದ್ದೇ ಆದ್ದರಿಂದ ಕೆಲ್ಲಿ ಸೂತ್ರ ಹೇಳುವ ಪಣದ ಗಾತ್ರ ಸೊನ್ನೆ.